ಕೌದಿಯ ಹೊಟ್ಟೆ

ಮೊನ್ನೆ ತಗಡಿನ ಟ್ರಂಕು ತೆಗೆದಾಗ ಬಂದ ವಾಸನೆಗೆ ನಾನು ಹಿಂದೆ ಸರಿದೆ. ಒಣಗಿದ ಬೇವಿನ ಎಲೆ, ಲವಂಗ, ಹಳೆಯ ನೂಲಿನ ಸೀರೆ... ಈ ಮೂರೂ ಕೂಡಿದ ವಾಸನೆ ನನ್ನ ಪಾಲಿಗೆ ಜಗತ್ತಿನಲ್ಲಿ ಒಬ್ಬರದೇ. ಚಾಚಿಯದು.

ಹೆರಿಗೆಗೆಂದು ಕಿತ್ತೂರಿಗೆ, ನನ್ನ ಮನೆಗೆ ಬಂದಿರುವ ಮಗಳು ಬಾಗಿಲಲ್ಲಿ ನಿಂತಿದ್ದಳು. "ಯವ್ವಾ, ಕೂಸಿಗೆ ಹಾಸಾಕ ಕೌದಿ ಬೇಕಲ್ಲ. ಆ ಹಸರ ಗಂಟಿನ್ಯಾಗ ಒಂದು ಐತಿ ಅಂದಿದ್ದೆಲ್ಲ, ತಗೀಬಾರದ?" ಅಂದಳು. "ನೋಡೂಣು ತಡಿ, ಏನ ಅವಸರ" ಎಂದು ಟ್ರಂಕು ಮುಚ್ಚಿದೆ. ಒಂದು ಬಟ್ಟೆಯ ಗಂಟಿಗೆ ಹೆದರುವ ಹೆಂಗಸನ್ನು ನೀವು ನೋಡಿಲ್ಲವಾದರೆ ಈಗ ನೋಡಿ, ನಾನೇ ಅವಳು. ಆ ಗಂಟು ನನ್ನ ಕೈ ಸೇರಿ ವರ್ಷಗಳಾದವು. ಒಮ್ಮೆಯೂ ಬಿಚ್ಚಿರಲಿಲ್ಲ.

ಹುಟ್ಟಿನಿಂದ ನಾನು ಅಂಜುಬುರುಕಿ ಆಗಿರಲಿಲ್ಲ. ಸಂಗೊಳ್ಳಿಯ ನಮ್ಮ ಹೊಲದಲ್ಲಿ ಹಾವು ಕಂಡರೆ ಅಣ್ಣ ಮರ ಏರುತ್ತಿದ್ದ, ನಾನು ಕೋಲು ಹುಡುಕುತ್ತಿದ್ದೆ. ಮದುವೆಯಾಗಿ ಸಂಪಗಾಂವಕ್ಕೆ ಹೋದೆ. ಗಂಡ ಲಾರಿ ಓಡಿಸುತ್ತಿದ್ದರು. ವರ್ಷವೆಲ್ಲ ಜ್ವರ, ಭೇದಿ ಎಂದು ನರಳಿ ತೀರಿಕೊಂಡರು. ಆಮೇಲೆ ದವಾಖಾನೆಯವರು ನನ್ನ ರಕ್ತ, ಮಗಳ ರಕ್ತ ತಪಾಸಣೆ ಮಾಡಿದರು. ಮಗಳಿಗೆ ಏನೂ ಇರಲಿಲ್ಲ, ದೇವರು ದೊಡ್ಡವನು. ನನಗೆ ಎಚ್‌ಐವಿ ಇತ್ತು.

ಅಂದಿನಿಂದ ನಾನು ಬೇರೆಯೇ ಹೆಂಗಸಾದೆ. ಮಗಳನ್ನು ಕರೆದುಕೊಂಡು ಬೈಲಹೊಂಗಲದಲ್ಲಿದ್ದ ಅಣ್ಣನ ಮನೆಗೆ ಬಂದೆ. ಅಣ್ಣನಿಗೆ, ಅವನ ಹೆಂಡತಿ ನನ್ನ ವೈನಿಗೆ ವಿಷಯ ಗೊತ್ತಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ. ವೈನಿ ಕೆಟ್ಟವಳಲ್ಲ. ನನ್ನ ತಾಟು, ನನ್ನ ತಂಬಿಗೆ ಬೇರೆ ಇಟ್ಟಳು, ಅಷ್ಟೇ. ಊಟಕ್ಕೆ ಕಡಿಮೆ ಮಾಡಲಿಲ್ಲ. ಆದರೆ ಓಣಿಯಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರು ಅನಿಸುತ್ತಿತ್ತು. ಯಾರಾದರೂ ಪಿಸುಗುಟ್ಟಿದರೆ ಅದು ನನ್ನದೇ ಸುದ್ದಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಏನೂ ಕದಿಯದೆ ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಗುಳಿಗೆ ತರುವ ವಿಷಯದಲ್ಲಿ ನಮ್ಮಂಥವರದು ಒಂದು ವಿಚಿತ್ರ ಪದ್ಧತಿ. ನಮ್ಮೂರಲ್ಲೇ ಕೊಡುತ್ತೇವೆ ಎಂದರೂ ಒಲ್ಲೆವು. ಗುರುತಿನವರು ಕಂಡಾರು ಎಂದು ಬೈಲಹೊಂಗಲದವರು ರಾಮದುರ್ಗಕ್ಕೆ, ರಾಮದುರ್ಗದವರು ಸವದತ್ತಿಗೆ, ಸವದತ್ತಿಯವರು ನಮ್ಮೂರಿಗೆ. ಹೀಗೆ ಒಬ್ಬರ ಊರಲ್ಲಿ ಒಬ್ಬರು ಅಡಗಲು ಹೋಗಿ, ನಡುವೆ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಎದುರುಬದುರಾಗಿ ಮುಖ ತಿರುವಿಕೊಳ್ಳುತ್ತಿದ್ದೆವು. ಈಗ ನಗು ಬರುತ್ತದೆ. ಆಗ ಜೀವ ಬಾಯಿಗೆ ಬರುತ್ತಿತ್ತು.

ಚಾಚಿ ನನಗೆ ಸಿಕ್ಕಿದ್ದು ಅದೇ ಯರಗಟ್ಟಿಯಿಂದ ಹೊರಟ ಬಸ್ಸಿನಲ್ಲಿ. ರಾಮದುರ್ಗದಿಂದ ಗುಳಿಗೆ ತೆಗೆದುಕೊಂಡು ವಾಪಸು ಬರುತ್ತಿದ್ದೆ. ಬಸ್ಸಿನ ತುಂಬ ಸಂತೆ ಮುಗಿಸಿದ ಜನ, ಉಳ್ಳಾಗಡ್ಡಿ ಚೀಲ. ರಸ್ತೆ ಹಾಳಾಗಿತ್ತು. ಬಸ್ಸು ಕುಣಿದಾಗಲೆಲ್ಲ ನನ್ನ ಚೀಲದೊಳಗಿನ ಗುಳಿಗೆ ಬಾಟಲಿ ಗಿಲಿಗಿಲಿ ಎನ್ನುತ್ತಿತ್ತು. ಇಡೀ ಬಸ್ಸು ಅದನ್ನೇ ಕೇಳುತ್ತಿದೆ ಅನಿಸಿ ಬೆವರಿದೆ. ಚೀಲವನ್ನು ಎದೆಗವಚಿಕೊಂಡೆ, ತೊಡೆಯ ಸಂದಿಯಲ್ಲಿ ಒತ್ತಿಕೊಂಡೆ. ಹಾಳಾದ್ದು ಸುಮ್ಮನಾಗಲಿಲ್ಲ.

ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದು, ಲವಂಗ ಜಗಿಯುತ್ತ ಕೂತಿದ್ದ ದಪ್ಪನೆಯ ಹೆಂಗಸು ತಮ್ಮ ಚೀಲದಿಂದ ಒಂದು ಬಟ್ಟೆಯ ಚೂರು ತೆಗೆದು ನನ್ನ ಮಡಿಲಿಗೆ ಹಾಕಿದರು. "ತಗೋ ಯವ್ವಾ. ಬಾಟ್ಲಿ ಬಾಯಾಗ ತುರುಕು" ಅಂದರು, ಮೆಲ್ಲಗೆ.

"ಅದು... ಮಗಳ ಆಟಿಗಿ ಸಾಮಾನರೀ" ಅಂದೆ.

"ಹೌದೇನ? ನನ್ನ ಚೀಲದಾಗೂ ಅಂಥಾದ್ದ ಒಂದು ಆಟಿಗಿ ಸಾಮಾನ ಐತಿ. ಆದ್ರ ನಂದು ಅಳೂದಿಲ್ಲ ನೋಡು, ಬಾಯಿಗೆ ಅರಿವಿ ತುರುಕೀನಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಬೈಲಹೊಂಗಲದಲ್ಲಿ ಇಳಿದಾಗ ತಿಳಿಯಿತು, ಅವರ ಮನೆ ನಮ್ಮ ಹಿಂದಿನ ಓಣಿಯಲ್ಲೇ, ಅಲ್ಲಿ ಎಲ್ಲರಿಗೂ ಅವರು ಚಾಚಿ. ಅಷ್ಟು ದೂರ ಹೋಗಿ ನಾವು ಹಿತ್ತಿಲ ಬಾಗಿಲಲ್ಲೇ ಭೇಟಿಯಾಗಿದ್ದೆವು.

ಚಾಚಿಯ ಗಂಡನೂ ಇದೇ ರೋಗದಿಂದ ಹೋಗಿದ್ದರು. ಮಗ ಟೆಂಪೋ ಓಡಿಸುತ್ತಿದ್ದ. ಮಗನಿಗೆ ಗೊತ್ತಿತ್ತು, ಸೊಸೆಗೆ ಹೇಳಿರಲಿಲ್ಲ. ಚಾಚಿ ಊರವರಿಗೆ ಕೌದಿ ಹೊಲಿದು ಕೊಡುತ್ತಿದ್ದರು. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ ಕೈಯಿಂದ ಹೊಲಿಯುವ ಹೊದಿಕೆ. "ಮನ್ಯಾಗ ಕುಂತು ಗ್ವಾಡಿ ನೋಡಿದ್ರ ಗ್ವಾಡಿ ನಿನ್ನ ನೋಡತೈತಿ. ಬಾ, ಸೂಜಿ ಹಿಡಿ" ಎಂದು ನನ್ನನ್ನು ಕರೆದರು. ನಾನು ಹಗಲು ಹೊತ್ತು ಮನೆಯಲ್ಲಿರುವುದಿಲ್ಲ ಎಂದು ವೈನಿಗೂ ಹಗುರಾಯಿತು.

ಕೌದಿಗೆ ಅಂಚಿನಿಂದ ಹೊಲಿಗೆ ಶುರುವಾಗುತ್ತದೆ. ಸುತ್ತು ಸುತ್ತು ಹಾಕುತ್ತ ಒಳಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಒಂದಿಷ್ಟು ಜೋಳದ ಕಾಳು ಇಟ್ಟು, ಮೇಲೊಂದು ತುಂಡು ಮುಚ್ಚಿ ಹೊಲಿದರೆ ಕೆಲಸ ಮುಗಿಯಿತು. ಹೊಟ್ಟೆ ತುಂಬಿಸದೆ ಚಾಚಿ ಯಾವ ಕೌದಿಯನ್ನೂ ಮನೆ ದಾಟಿಸುತ್ತಿರಲಿಲ್ಲ. "ಹಸದ ಕೌದಿ ಹೊದ್ದವರ ನಿದ್ದಿ ತಿಂತೈತಿ" ಅನ್ನುತ್ತಿದ್ದರು. ಖಡಕ್ ರೊಟ್ಟಿಯನ್ನೇ ಇಡಬೇಕು, ಮೆತ್ತಗಿನದು ಬೂಸು ಹಿಡಿಯುತ್ತದೆ.

ಒಮ್ಮೆ ಯಾರದೋ ಬಾಣಂತಿಯ ಮನೆಯ ಕೌದಿ ಹೊಲಿಯುವಾಗ ಸೂಜಿ ನನ್ನ ಬೆರಳಿಗೆ ಆಳವಾಗಿ ಚುಚ್ಚಿತು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ರಕ್ತ. ನಾನು ಕೂಗಿಕೊಂಡೆ. ಕೌದಿಯನ್ನು ದೂರ ಎಸೆದು, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಗೆ ಹೋಗಿ ಕೂತೆ. "ಕೂಸು ಸಾಯತೈತಿ ಚಾಚಿ, ಆ ಕೂಸು ಸಾಯತೈತಿ" ಎಂದು ಒಂದೇ ಸಮನೆ ಹೇಳುತ್ತಿದ್ದೆನಂತೆ.

ಚಾಚಿ ಬಾಗಿಲು ಮುಂದೆ ಮಾಡಿ ಬಂದು ನನ್ನ ಬೆರಳಿಗೆ ಬಟ್ಟೆ ಕಟ್ಟಿದರು. "ಬಟ್ಟಿ ಮ್ಯಾಗಿನ ರಕ್ತದಿಂದ ಯಾರಿಗೂ ಹತ್ತೂದಿಲ್ಲಂತ ದವಾಖಾನಿ ಮೇಡಂ ನಿನಗೂ ಹೇಳ್ಯಾರ, ನನಗೂ ಹೇಳ್ಯಾರ. ಹೌದಿಲ್ಲೋ?" ಅಂದರು. ಹಾಗಂದವರೇ ಆ ಬಿಳಿ ತುಂಡನ್ನು ಬಿಚ್ಚಿ ಒಲೆಗೆ ಹಾಕಿದರು. ನಾನು ನೋಡಿದೆ. "ಇದು ಕೂಸಿನ ಸಲುವಾಗಿ ಅಲ್ಲ, ನಿನ್ನ ನಿದ್ದಿ ಸಲುವಾಗಿ" ಅಂದರು. ಮತ್ತೆ ಸೂಜಿ ಪೋಣಿಸಿ ನನ್ನ ಕೈಗೇ ಕೊಟ್ಟರು.

ಆದರೂ ನಿದ್ದೆ ಬರಲಿಲ್ಲ. ಆ ಮಳೆಗಾಲ ನನ್ನೊಳಗೆ ಏನೋ ಕುಸಿಯಿತು. ಊಟ ಮಣ್ಣಿನಂತಾಯಿತು. ತಲೆ ಬಾಚಿಕೊಳ್ಳುವುದು ಬೆಟ್ಟ ಹತ್ತಿದಷ್ಟು ಕಷ್ಟ. ಮಗಳು ಸಾಲೆಯಿಂದ ಬಂದು ಏನೋ ಹೇಳುತ್ತಿದ್ದಳು, ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನಿಲ್ಲದಿದ್ದರೆ ಅಣ್ಣ ಅವಳನ್ನು ತನ್ನ ಮಗಳಂತೆಯೇ ಸಾಕಿಯಾನು, ರೋಗದವಳ ಮಗಳು ಎಂಬ ಹೆಸರಾದರೂ ತಪ್ಪೀತು... ಇದೇ ವಿಚಾರ ಗಾಣದ ಎತ್ತಿನಂತೆ ತಲೆಯಲ್ಲಿ ಸುತ್ತುತ್ತಿತ್ತು. ಯಾರಿಗೂ ಹೇಳಲಿಲ್ಲ. ಚಾಚಿಗೂ ಹೇಳಲಿಲ್ಲ. ಅವರ ಮುಂದೆ ನಗುತ್ತಿದ್ದೆ.

ಗುಳಿಗೆ ನುಂಗುವುದನ್ನು ಬಿಟ್ಟೆ. ಬಿಡುವುದು ಸುಲಭ, ಅಡಗಿಸುವುದು ಕಷ್ಟ. ಕೌನ್ಸೆಲರ್ ಮೇಡಂ ಪ್ರತಿಸಲ ಬಾಟಲಿ ತೆರೆದು ಎಷ್ಟು ಉಳಿದಿವೆ ಎಂದು ನೋಡುತ್ತಿದ್ದರು. ಆದ್ದರಿಂದ ಬಾಟಲಿ ಖಾಲಿಯಾಗಬೇಕು. ಗಟಾರಕ್ಕೆ ಎಸೆದರೆ ವೈನಿಗೆ ಕಾಣುತ್ತದೆ. ತಿಪ್ಪೆಗೆ ಹಾಕಿದರೆ ಕೋಳಿ ಕೆದರುತ್ತವೆ. ಆ ಮನೆಯ ಪ್ರತಿ ಡಬ್ಬಿಯೂ ವೈನಿಗೆ ಗೊತ್ತು. ಆಗ ನನ್ನ ತಾಯಿಯ ಸೀರೆಗಳಿಂದ ನನಗಾಗಿಯೇ ಒಂದು ಕೌದಿ ಹೊಲಿಯುತ್ತಿದ್ದೆ. ಅದರ ಹೊಟ್ಟೆ ಇನ್ನೂ ತೆರೆದಿತ್ತು. ದಿನಾ ಊಟವಾದ ಮೇಲೆ ಗುಳಿಗೆಯನ್ನು ಅದರೊಳಗೆ ತೂರಿಸಿ ಪದರದ ಒಳಕ್ಕೆ ತಳ್ಳುತ್ತಿದ್ದೆ. ಎಂಥ ಜಾಣತನ ಎಂದು ಆಗ ಅನಿಸಿತ್ತು.

ಒಂದು ಮಧ್ಯಾಹ್ನ ಚಾಚಿ ತಾವಾಗಿಯೇ ನಮ್ಮ ಮನೆಗೆ ಬಂದರು. ವೈನಿ ಸಂತೆಗೆ ಹೋಗಿದ್ದಳು. "ಏನ ನಿನ್ನ ಕೌದಿ, ವರ್ಷಗಟ್ಟಲೆ ಬಸರಿ ಆದ್ಹಾಂಗ ಆತಲ್ಲ, ಹಡೀತೈತೋ ಇಲ್ಲೋ?" ಎನ್ನುತ್ತ ಅದನ್ನು ಎಳೆದುಕೊಂಡು ಹಾಸಿದರು. ನಾನು ಬೇಡ ಅನ್ನುವುದರೊಳಗೆ ಸುಕ್ಕು ತೆಗೆಯಲು ಅಂಗೈಯಿಂದ ಸವರತೊಡಗಿದರು. ಕೈ ನಡುವೆ ಬಂದು ನಿಂತಿತು. ಅಲ್ಲಿಂದ ಸ್ವಲ್ಪ ಆಚೆ ಹೋಯಿತು, ಮತ್ತೆ ನಿಂತಿತು.

ಈಗ ಚೀರುತ್ತಾರೆ, ಅಣ್ಣನನ್ನು ಕರೆಯುತ್ತಾರೆ ಎಂದು ಕಾದೆ. ಚಾಚಿ ತಲೆ ಎತ್ತಲಿಲ್ಲ.

"ಇದರ ಹೊಟ್ಟಿ ಆಗಲೇ ತುಂಬೇತಲ್ಲ" ಅಂದರು. "ಇದರದ್ದು ತುಂಬಿಸಿ ನಿಂದು ಖಾಲಿ ಇಟ್ಟಿ."

ನಾನು ಅತ್ತೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ನನ್ನ ಅಳು ತಾನಾಗಿ ಮುಗಿಯುವ ತನಕ ಒಂದೊಂದೇ ಗುಳಿಗೆಯನ್ನು ಹೊರಗೆ ತೆಗೆಯುತ್ತ ಕೂತಿದ್ದರು. "ನಿಮಗ ಹೆಂಗ ಗೊತ್ತಾತು ಚಾಚಿ?" ಎಂದು ಕೇಳಿದೆ.

"ನಂದು ತಲಿದಿಂಬ ಇತ್ತು" ಅಂದರು. "ನಮ್ಮವರು ತೀರಿಕೊಂಡ ವರ್ಷ. ಮೂಲ್ಯಾಗ ಹೊಲಿಗಿ ಬಿಚ್ಚಿ ಹತ್ತ್ಯಾಗ ತುರುಕತಿದ್ನಿ. ಮಲಗಿದ್ರ ಕಿವಿಗೆ ಚುಚ್ಚತಿದ್ದುವು. ನನ್ನ ಮಗ ಹಿಡದ. ಮೈ ಬ್ಯಾನಿಗೆ ಗುಳಿಗಿ ಸಾಕು ಯವ್ವಾ, ಮನಸಿನ ಬ್ಯಾನಿಗೆ ಬಾಯಿ ಬಿಡಬೇಕು. ನಾ ಬಿಡಲಿಲ್ಲ, ಅದಕ್ಕ ಅಷ್ಟು ದಿನ ಒಳಗ ಬೆಂದ್ನಿ. ನೀ ಬಿಡು."

ಮುಂದಿನ ವಾರ ಅವರೇ ನನ್ನನ್ನು ರಾಮದುರ್ಗಕ್ಕೆ ಕರೆದುಕೊಂಡು ಹೋದರು. ಮೇಡಂ ಮುಂದೆ ನಾನು ಬಾಯಿ ಬಿಟ್ಟೆ. ಮೇಡಂ ಬೈಯಲಿಲ್ಲ. ಮನಸ್ಸಿನ ಡಾಕ್ಟರಿಗೆ ತೋರಿಸಿದರು. ಅವರು ಬೇರೆ ಔಷಧಿ ಕೊಟ್ಟರು, ಮಾತಾಡಿಸಿದರು. ಒಮ್ಮೆಗೇ ಸರಿಹೋಗಲಿಲ್ಲ. ಆದರೆ ಮಗಳ ಮಾತು ಮತ್ತೆ ಕೇಳಿಸತೊಡಗಿತು.

ಚಾಚಿ ಒಂದು ಕರಾರು ಹಾಕಿದ್ದರು. ರಾತ್ರಿಯ ನಮಾಜಿಗೆ ಮಸೀದಿಯಲ್ಲಿ ಬಾಂಗು ಕೂಗುತ್ತಾರಲ್ಲ, ಅದು ಎರಡೂ ಓಣಿಗೆ ಕೇಳುತ್ತಿತ್ತು. "ಬಾಂಗ್ ಆದ ಕೂಡ್ಲೆ ನಾ ಅಲ್ಲಿ ನುಂಗತೇನಿ, ನೀ ಇಲ್ಲಿ ನುಂಗು. ನೀ ತಪ್ಪಿಸಿದ್ರ ನನಗ ಗಂಟಲಾಗ ಸಿಗತೈತಿ, ನೋಡು ಮತ್ತ." ನಾನು ಶಿವನ ಜಗುಲಿಯ ಮುಂದೆ ನೀರಿನ ತಂಬಿಗೆ ಹಿಡಿದು ಬಾಂಗಿಗೆ ಕಾಯುತ್ತಿದ್ದೆ. ವೈನಿಗೆ ಅರ್ಥವಾಗುತ್ತಿರಲಿಲ್ಲ. ನನ್ನ ಗಂಟಲಲ್ಲಿ ಇಳಿದಾಗ ಅಲ್ಲೂ ಒಂದು ಇಳಿಯಿತು ಅಂದುಕೊಳ್ಳುತ್ತಿದ್ದೆ. ನನ್ನ ಧೈರ್ಯವೆಲ್ಲ ಅಷ್ಟರ ಮೇಲೇ ನಿಂತಿತ್ತು.

ಮಗಳ ಓದಿಗೆಂದು ನಾವು ಕಿತ್ತೂರಿಗೆ ಬಂದೆವು. ನನಗೆ ಜಂಪರು ಹೊಲಿಯುವ ಕೆಲಸ ಸಿಕ್ಕಿತು. ಇಲ್ಲಿಯೂ ಬಾಂಗು ಕೇಳುತ್ತದೆ. ಆದ ಮೇಲೆ ಚಾಚಿಯ ಫೋನು. "ನುಂಗಿದಿ?" "ನುಂಗಿದ್ನಿ. ನೀವು?" "ನುಂಗಿದ್ನಿ." ಇಷ್ಟೇ ಮಾತು. ಮಗಳು ನಗುತ್ತಿದ್ದಳು, "ಇದ್ಯಾವ ಪ್ರೇಮ ಯವ್ವಾ" ಎಂದು.

ಕೊನೆಕೊನೆಗೆ ಫೋನಿನಲ್ಲಿ ಅವರ ದನಿ ಸಣ್ಣದಾಯಿತು. "ಆರಾಮ ಇಲ್ಲೇನ್ರಿ?" ಎಂದು ಕೇಳಿದರೆ, "ವಯಸ್ಸಾತಲ್ಲ ಯವ್ವಾ, ಹೃದಯ ಸುಸ್ತಾಗೇತಂತ" ಅನ್ನುತ್ತಿದ್ದರು. ನೋಡಲು ಬರುತ್ತೇನೆ ಎಂದರೆ, ಮಗಳ ಪರೀಕ್ಷೆ ಮುಗಿಸಿಕೊಂಡು ಬಾ ಅಂದರು. ಪರೀಕ್ಷೆ ಮುಗಿಯುವ ಮೊದಲೇ ಅವರು ಮುಗಿದಿದ್ದರು.

ಹಸಿರು ಗಂಟನ್ನು ತಂದುಕೊಟ್ಟವಳು ಅವರ ಸೊಸೆ. ಅಷ್ಟು ಹೊತ್ತಿಗೆ ಅವಳಿಗೂ ಎಲ್ಲ ತಿಳಿದಿತ್ತು. "ನಿಮ್ಮ ಮಗಳಿಗೆ ಕೂಸಾದ್ರ ಕೊಡಾಕ ಹೇಳ್ಯಾರ. ಅರ್ಧಕ್ಕ ನಿಂತೈತಿ" ಅಂದಳು. ಆಮೇಲೆ ಚಹ ಕುಡಿಯುತ್ತ ಒಂದು ಮಾತು ಹೇಳಿದಳು. "ಕಡೀ ದಿನದಾಗ ಗ್ವಾಡಿ ಕಡೆ ಮುಖ ಮಾಡಿ ಮಲಗಿಬಿಡತಿದ್ರು ಅಕ್ಕಾ. ಮಾತಿಲ್ಲ, ಊಟಿಲ್ಲ. ಗುಳಿಗಿ ನಾ ಕೊಡತೇನಂದ್ರ ಒಲ್ಲೆ, ನಾನ ತಗೋತೇನಿ ಅಂತಿದ್ರು."

ಅವಳು ಸಹಜವಾಗಿ ಹೇಳಿ ಹೋದಳು. ನನ್ನೊಳಗೆ ಮುಳ್ಳು ಮುರಿಯಿತು. ಗೋಡೆ ನೋಡುತ್ತ ಮಲಗುವುದು ಏನೆಂದು ನನಗೆ ಗೊತ್ತು. ಗುಳಿಗೆ ನಾನೇ ತೆಗೆದುಕೊಳ್ಳುತ್ತೇನೆ ಎನ್ನುವುದು ಏನೆಂದೂ ಗೊತ್ತು. ಆ ಹಸಿರು ಗಂಟಿನೊಳಗಿನ ಕೌದಿಯನ್ನು ನಾನು ಸವರಿದರೆ, ನನ್ನ ಬೆರಳಿಗೆ ಏನಾದರೂ ಗಟ್ಟಿಯಾದದ್ದು ಸಿಕ್ಕರೆ... ಪ್ರತಿ ರಾತ್ರಿ ಫೋನಿನಲ್ಲಿ ಕೇಳಿದ "ನುಂಗಿದ್ನಿ" ಎಲ್ಲ ಸುಳ್ಳಾಗುತ್ತದೆ. ನನ್ನನ್ನು ಎಬ್ಬಿಸಿ ಕೂರಿಸಿದವರೇ ಮಲಗಿಬಿಟ್ಟಿದ್ದರು ಎಂದಾದರೆ ನಾನು ಯಾವ ಗಟ್ಟಿತನದ ಮೇಲೆ ನಿಲ್ಲಲಿ? ಗಂಟನ್ನು ಹಾಗೆಯೇ ಟ್ರಂಕಿಗೆ ಹಾಕಿದೆ. ಕೇಳದಿದ್ದರೆ ಉತ್ತರವೂ ಇಲ್ಲ.

ಆದರೆ ಕೂಸು ನನ್ನ ಅಂಜಿಕೆ ಮುಗಿಯಲಿ ಎಂದು ಕಾಯುವುದಿಲ್ಲವಲ್ಲ. ನಿನ್ನೆ ಮಧ್ಯಾಹ್ನ ಮಗಳು ಊಟ ಮಾಡಿ ಮಲಗಿದ್ದಳು. ಟ್ರಂಕು ತೆಗೆದು ಗಂಟು ಬಿಚ್ಚಿ ಕೌದಿಯನ್ನು ನೆಲದ ಮೇಲೆ ಹಾಸಿದೆ. ಕೂಸಿನ ಅಳತೆಯದು. ತುಂಡುಗಳ ಗುರುತು ಹತ್ತಿತು. ನನ್ನ ತಾಯಿಯ ಸೀರೆಯ ಅಂಚು, ಮಗಳ ಸಾಲೆಯ ನೀಲಿ ಲಂಗ, ಚಾಚಿಯ ಹಸಿರು ಸೆರಗು. ಅಂಚಿನ ಸುತ್ತುಗಳು ನೆಟ್ಟಗೆ, ಚಾಚಿಯ ಕೈಯೆಂದರೆ ಚಾಚಿಯ ಕೈ. ಒಳಗೆ ಬಂದಂತೆ ಹೊಲಿಗೆ ಅಡ್ಡಾದಿಡ್ಡಿಯಾಗಿತ್ತು. ಅರ್ಧ ದಾರಿಯಲ್ಲಿ ನಿಂತುಹೋಗಿತ್ತು. ತುಕ್ಕು ಹಿಡಿದ ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು.

ಅರ್ಧಕ್ಕೆ ನಿಂತ ಕೌದಿಯ ನಡು ತೆರೆದಿರಬೇಕಿತ್ತು. ತೆರೆದಿರಲಿಲ್ಲ. ನಟ್ಟನಡುವೆ ಒಂದು ಕೆಂಪು ತುಂಡು, ನಾಲ್ಕೂ ಕಡೆ ಬಿಗಿಯಾಗಿ ಹೊಲಿದಿತ್ತು. ಬೆರಳಿಟ್ಟೆ. ಒಳಗೆ ಗಟ್ಟಿಯಾಗಿ ಏನೋ ಸಿಕ್ಕಿತು.

"ನೀವೂನಾ ಚಾಚಿ?" ಎಂದು ಬಾಯಿಬಿಟ್ಟೇ ಅಂದೆ. ಮತ್ತೆ ಗಂಟು ಕಟ್ಟಿ ಇಟ್ಟುಬಿಡಲೇ ಅನಿಸಿತು. ಆದರೆ ಗುಳಿಗೆ ತುಂಬಿದ ಕೌದಿಯ ಮೇಲೆ ಕೂಸನ್ನು ಹೇಗೆ ಮಲಗಿಸುವುದು? ಬ್ಲೇಡು ತಂದು ಕೆಂಪು ತುಂಡಿನ ಒಂದು ಮಗ್ಗುಲು ಬಿಚ್ಚಿದೆ.

ಅಂಗೈಗೆ ಬಿದ್ದದ್ದು ಒಂದು ಚೂರು ಖಡಕ್ ರೊಟ್ಟಿ. ಬಣ್ಣ ಹೋಗಿ ಹೆಂಚಿನ ಚೂರಿನಂತಾಗಿತ್ತು. ಜೊತೆಗೆ ಒಂದಿಷ್ಟು ಜೋಳದ ಕಾಳು. ಹುಚ್ಚಿಯಂತೆ ಇಡೀ ಕೌದಿಯನ್ನು ಸವರಿದೆ, ಅಂಚಿನ ತನಕ ಪದರ ಪದರ ಹಿಚುಕಿ ನೋಡಿದೆ. ಬೇರೇನೂ ಇರಲಿಲ್ಲ.

ಆಮೇಲೆ ನನ್ನ ಮಂದ ತಲೆಗೆ ಹೊಳೆಯಿತು. ಹೊಟ್ಟೆ ತುಂಬಿಸುವುದು ಎಲ್ಲಕ್ಕಿಂತ ಕೊನೆಗೆ. ಚಾಚಿ ಆ ಪದ್ಧತಿಯನ್ನು ಎಂದೂ ಮುರಿದವರಲ್ಲ. ಈ ಒಂದು ಕೌದಿಗೆ ಮಾತ್ರ ಅರ್ಧಕ್ಕೇ ತುಂಬಿಸಿದ್ದರು. ಕೊನೆಯ ಸುತ್ತಿನ ತನಕ ತಾವು ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೊಲಿಗೆಯನ್ನು ಬೇರೆ ಯಾರಾದರೂ ಮುಗಿಸಿಯಾರು, ಹೊಟ್ಟೆಯೊಂದು ಮರೆತುಹೋದೀತು ಎಂದು ಅಂಜಿದರೋ ಏನೋ. ಅವರೂ ಅಂಜುತ್ತಿದ್ದರು ಎಂದು ನನಗೆ ಎಂದೂ ಅನಿಸಿರಲಿಲ್ಲ.

ಇದರಿಂದ ಅವರು ಕೊನೆಯ ತನಕ ಗುಳಿಗೆ ನುಂಗಿದ್ದರು ಎಂದು ಸಾಬೀತಾಗುವುದಿಲ್ಲ. ಅಷ್ಟು ದಡ್ಡಿ ನಾನಲ್ಲ. ಗೋಡೆ ಕಡೆ ಮುಖ ಮಾಡಿದಾಗ ಅವರ ಮನಸ್ಸಿನಲ್ಲಿ ಏನಿತ್ತು, ನನಗೆ ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಆ ನಡುಗುವ ಕೈ, ಇನ್ನೂ ಹುಟ್ಟದ, ಯಾರದೋ ಮಗಳ ಕೂಸು ಹಸಿಯಬಾರದೆಂದು ಒಂದು ಚೂರು ರೊಟ್ಟಿ ತೆಗೆದಿಟ್ಟಿತ್ತು. ಬಾಳು ಬೇಡವಾದವರು ಹಾಗೆ ಮಾಡುತ್ತಾರೆಯೇ? ನಾನಂತೂ ನನ್ನ ಕೌದಿಗೆ ಮಾಡಿರಲಿಲ್ಲ.

ರೊಟ್ಟಿಯನ್ನೂ ಕಾಳನ್ನೂ ಇದ್ದಲ್ಲೇ ಇಟ್ಟು, ಅವರು ಚುಚ್ಚಿದ ತೂತುಗಳಲ್ಲೇ ದಾರ ಹಾಯಿಸಿ ಮುಚ್ಚಿದೆ. ಮಗಳು ಎದ್ದು ಬಂದು, "ಇನ್ನೂ ಎಷ್ಟು ಸುತ್ತು ಉಳದಾವ ಯವ್ವಾ, ಹೆರಗಿಯೊಳಗ ಮುಗೀತೈತಿಲ್ಲ?" ಎಂದು ಕೇಳಿದಳು. "ಮುಗಸತೇನಿ. ಹೊಟ್ಟಿ ಅಂತೂ ತುಂಬೇತಿ" ಅಂದೆ.

ರಾತ್ರಿ ಬಾಂಗು ಆಯಿತು. ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದೆ. ಹಳೆಯ ಅಭ್ಯಾಸ, ಕೈ ತಾನಾಗಿ ಫೋನಿನ ಕಡೆ ಹೋಯಿತು. ಅದು ಸುಮ್ಮನೆ ಬಿದ್ದಿತ್ತು. "ನುಂಗಿದ್ನಿ ಚಾಚಿ" ಅಂದೆ. "ನೀವು?" ಎಂದು ಕೇಳುವುದು ಬಾಯಿತನಕ ಬಂದಿತ್ತು... ಕೇಳಲಿಲ್ಲ.